ಒಂದೂ ಕಾಲು ಗಂಟೆಯ ರಾಯರು

ತುಮಕೂರಿನಲ್ಲೋ ಮಂಡ್ಯದಲ್ಲೋ ರಾಮನಗರದಲ್ಲೋ ಮನೆ ಮಾಡಿಕೊಂಡು, ಬೆಂಗಳೂರಿನಲ್ಲಿ ಕೆಲಸ ಇಟ್ಟುಕೊಂಡು, ದಿನಾ ಬೆಳಿಗ್ಗೆ ಹೋಗಿ ರಾತ್ರಿ ಬರುವವರನ್ನು ನಮ್ಮ ಕಡೆ ‘ಅಪ್ ಅಂಡ್ ಡೌನ್ ಮಾಡೋರು’ ಅನ್ನುತ್ತಾರೆ. ಮರ್ಯಾದೆಗೆ ಇವರನ್ನು ಅಪ್ ಅಂಡ್ ಡೌನ್ ರಾಯರು ಎಂದು ಕರೆಯೋಣ. ರಾಯರನ್ನು ಗುರುತು ಹಿಡಿಯಲು ಬ್ಯಾಗು, ಟಿಫಿನ್ ಡಬ್ಬಿ, ಕತ್ತಿನಲ್ಲಿ ನೇತಾಡುವ ಐಡಿ ಕಾರ್ಡು ಏನೂ ಬೇಕಿಲ್ಲ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕದವರು ಲೋಕಾಭಿರಾಮವಾಗಿ, “ದಿನಾ ಓಡಾಡ್ತೀರಲ್ಲ ಸಾರ್, ಎಷ್ಟು ಹೊತ್ತಾಗುತ್ತೆ?” ಅಂತ ಕೇಳಿದರೆ ಸಾಕು, ಹೋಳಿಗೆ ಮುರಿಯುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ. “ಏನ್ ಮಹಾ, ಒಂದೂ ಕಾಲು ಗಂಟೆ. ಯಶವಂತಪುರದಿಂದ ವೈಟ್‌ಫೀಲ್ಡಿಗೆ ಹೋಗೋರು ನನಗಿಂತ ಜಾಸ್ತಿ ಹೊತ್ತು ಕೂತಿರ್ತಾರೆ!” ಹೆದ್ದಾರಿ ಕಟ್ಟಿಕೊಂಡು ನಿಂತಾಗ ಲಾರಿಯವರನ್ನು, ಟೋಲಿನವರನ್ನು, ಎಂಜಿನಿಯರುಗಳನ್ನು ಬೈಯುವುದು ವಾಡಿಕೆ. ಅವರ ಪಾಲಿನ ತಪ್ಪು ಅವರಿಗಿರಲಿ. ಆದರೆ ಆ ದಟ್ಟಣೆಗೆ ದಿನವೂ ಹೊಸ ಗಾಡಿಗಳನ್ನು ಸರಬರಾಜು ಮಾಡುತ್ತಿರುವುದು ರಾಯರ ಈ ಒಂದೂ ಕಾಲು ಗಂಟೆಯೇ ಎಂಬುದು ನನ್ನ ವಾದ.

ಹಾಗಂತ ರಾಯರು ಸುಳ್ಳುಗಾರರಲ್ಲ. ತುಮಕೂರಿನ ರಾಯರಾದರೆ ಅವರ ಗಡಿಯಾರ ಶುರುವಾಗುವುದು ಬಸ್ಸು ಊರಂಚಿನ ಕ್ಯಾತ್ಸಂದ್ರ ದಾಟಿ ಟಾಪ್ ಗೇರಿಗೆ ಬಿದ್ದ ಮೇಲೆ, ನಿಲ್ಲುವುದು ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ. ಕ್ಯಾತ್ಸಂದ್ರಕ್ಕೆ ಮುಂಚಿನದೆಲ್ಲ ಅವರ ಪ್ರಕಾರ ‘ಮನೆ ಬಿಟ್ಟಿದ್ದು’, ಗೊರಗುಂಟೆಪಾಳ್ಯದ ಆಚೆಗಿನದೆಲ್ಲ ‘ಬಂದ ಹಾಗೇ’. ಈ ಎರಡು ತುದಿಗಳನ್ನು ಸೇರಿಸಿ ನೋಡಿ. ಮನೆಯಿಂದ ಬಸ್‌ಸ್ಟ್ಯಾಂಡಿಗೆ 20 ನಿಮಿಷ, ನಾನ್‌ಸ್ಟಾಪ್ ಬರುವ ತನಕ ಕಾದು, ಬಂದ ಮೇಲೆ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿಯಲು 15 ನಿಮಿಷ ಅಂತ ಇಟ್ಟುಕೊಳ್ಳಿ. ಆಮೇಲೆ ಗೊರಗುಂಟೆಪಾಳ್ಯದಿಂದ ಆಫೀಸು. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಂತೆ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಆ ವರ್ಷ ಜಗತ್ತಿನಲ್ಲೇ ಮೂರನೇ ಸ್ಥಾನ ನಮ್ಮದು. ಆಫೀಸು 15 ಕಿ.ಮೀ. ಇದ್ದರೆ ಅದಕ್ಕೇ 50 ನಿಮಿಷ. ಎಲ್ಲ ಕೂಡಿದರೆ ಒಂದು ಕಡೆಗೆ ಎರಡು ಗಂಟೆ 40 ನಿಮಿಷ. ವರ್ಷಕ್ಕೆ 250 ಕೆಲಸದ ದಿನ ಹಿಡಿದರೆ ಹೋಗಿಬರಲು ಸುಮಾರು 1,330 ಗಂಟೆ, ಅಂದರೆ ಹಗಲೂ ರಾತ್ರಿ ಸೇರಿ 55 ದಿನ. ರಾಯರ ಬಾಯಿಲೆಕ್ಕದಲ್ಲಿ ಅದು 26 ದಿನ ಮಾತ್ರ. ನಡುವೆ ಕಾಣೆಯಾದ 29 ದಿನ ಸರ್ಕಾರಿ ನೌಕರನಿಗೆ ವರ್ಷಕ್ಕೆ ಸಿಗುವ ಗಳಿಕೆ ರಜೆಗಿಂತ ಒಂದೇ ದಿನ ಕಡಿಮೆ. ಗಳಿಕೆ ರಜೆಯಲ್ಲಿ ಒಂದು ದಿನ ಆಚೀಚೆಯಾದರೆ ಕೇಸ್ ವರ್ಕರ್ ಮೇಜಿನ ಮುಂದೆ ನಿಂತು ಜಗಳ ಆಡುವ ರಾಯರು, ಈ 29 ದಿನದ ಬಗ್ಗೆ ಮಾತ್ರ ಚಕಾರ ಎತ್ತುವುದಿಲ್ಲ.

ಈ ಲೆಕ್ಕದಲ್ಲಿ ರಾಯರು ಒಬ್ಬಂಟಿಯೂ ಅಲ್ಲ. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದಾಗ ಸರ್ಕಾರವೇ ಹೇಳಿದ್ದು ಮೂರು ಗಂಟೆಯ ದಾರಿ ಇನ್ನು 75 ನಿಮಿಷ ಎಂದು. 75 ನಿಮಿಷ ಅಂದರೂ ಒಂದೂ ಕಾಲು ಗಂಟೆ ಅಂದರೂ ಒಂದೇ. ದೆಹಲಿಯ ಅಧಿಕಾರಿಗಳಿಗೂ ನಮ್ಮ ರಾಯರಿಗೂ ಇಷ್ಟು ಒಮ್ಮತ ಬೇರೆ ವಿಷಯದಲ್ಲಿ ಇದ್ದಂತಿಲ್ಲ. 118 ಕಿ.ಮೀ.ಯನ್ನು 75 ನಿಮಿಷದಲ್ಲಿ ಮುಗಿಸಬೇಕಾದರೆ ಸರಾಸರಿ ವೇಗ ಗಂಟೆಗೆ 94 ಕಿ.ಮೀ. ಇರಬೇಕು. ಮಿತಿ 100. ಎಂದರೆ ಟೋಲಿನಲ್ಲಿ ನಿಲ್ಲಬಾರದು, ಮದ್ದೂರಲ್ಲಿ ವಡೆ ಕಡೆ ತಿರುಗಬಾರದು (ತಿರುಗೋಣವೆಂದರೂ ಈಗ ಮದ್ದೂರೇ ಬೈಪಾಸಿನ ಆಚೆಗಿದೆ), ಮಕ್ಕಳಿಗೆ ಅರ್ಜೆಂಟಾಗಬಾರದು. ಇಷ್ಟೆಲ್ಲ ಸಾಧಿಸಿ ಬಂದರೂ ಗಡಿಯಾರ ನಿಲ್ಲುವುದು ಕೆಂಗೇರಿಯ ಹೊರಗೆ. ಅಲ್ಲಿಂದ ಮೆಜೆಸ್ಟಿಕ್ಕಿಗೆ ಎಷ್ಟು ಹೊತ್ತು ಎಂಬುದು ಹೆದ್ದಾರಿ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ರಾಯರ ವ್ಯಾಪ್ತಿಗೂ ಬರುವುದಿಲ್ಲ.

ಮಾತು ಇಲ್ಲಿಗೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಪಂಕ್ತಿಯಲ್ಲಿ ಕೂತವರಲ್ಲಿ ಬೆಂಗಳೂರಿನ ಬಾಡಿಗೆಗೆ ಬೇಸತ್ತವರೊಬ್ಬರು ಇದ್ದೇ ಇರುತ್ತಾರೆ. ಎರಡನೇ ಸಲ ಸಾರು ಬಡಿಸುವ ಹೊತ್ತಿಗೆ ಅವರ ಮನಸ್ಸಿನಲ್ಲಿ ದಾಬಸ್‌ಪೇಟೆಯ ಮೂವತ್ತು ನಲವತ್ತರ ಸೈಟು ಚೌಕವಾಗಿ ಮೂಡಿರುತ್ತದೆ. ಆರು ತಿಂಗಳಲ್ಲಿ ಅವರ ಕಾರೂ ರಾಯರ ಬಸ್ಸಿನ ಮುಂದೆಯೇ ಬ್ರೇಕ್ ಲೈಟು ಹೊತ್ತಿಸಿಕೊಂಡು ನಿಂತಿರುತ್ತದೆ. ಇದನ್ನು 1962ರಲ್ಲೇ ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ ಒಂದು ನಿಯಮವಾಗಿ ಬರೆದಿಟ್ಟರು: ನಗರದ ಹೆದ್ದಾರಿಯಲ್ಲಿ ಆಫೀಸು ಹೊತ್ತಿನ ದಟ್ಟಣೆ, ರಸ್ತೆ ಎಷ್ಟು ಹಿಡಿಸುತ್ತದೋ ಅಷ್ಟೂ ತುಂಬುವ ತನಕ ಬೆಳೆಯುತ್ತದೆ. 2011ರಲ್ಲಿ ಡುರಾಂಟನ್ ಮತ್ತು ಟರ್ನರ್ ಎಂಬಿಬ್ಬರು ಅಮೆರಿಕದ ನಗರಗಳ ಅಂಕಿಅಂಶ ಹಿಡಿದು ಅದನ್ನೇ ಖಚಿತಪಡಿಸಿದರು: ಹೆದ್ದಾರಿ ಶೇ 10 ಬೆಳೆದರೆ ಅದರ ಮೇಲಿನ ಓಡಾಟವೂ ಹತ್ತಿರಹತ್ತಿರ ಶೇ 10 ಬೆಳೆಯುತ್ತದೆ. ತುಂಬುವವರು ಯಾರು, ಅವರಿಗೆ ಈ ಸುದ್ದಿ ಮುಟ್ಟಿಸುವವರು ಯಾರು ಎಂಬುದನ್ನು ಮಾತ್ರ ಆ ವಿದ್ವಾಂಸರು ಬರೆದಂತಿಲ್ಲ. ಅವರಿಗೆ ನಮ್ಮ ರಾಯರ ಪರಿಚಯವಿರಲಿಲ್ಲ.

ತುಮಕೂರು ರಸ್ತೆಯನ್ನೇ ತೆಗೆದುಕೊಳ್ಳಿ. ಅದು ನಾಲ್ಕು ಪಥವಾಯಿತು. ಈಗ ನೆಲಮಂಗಲದಿಂದ ಆರು ಪಥದ ಕೆಲಸ ಹಿಡಿದಿದ್ದಾರೆ. 2010ರಲ್ಲಿ ಪೀಣ್ಯ ಮೇಲ್ಸೇತುವೆ ತೆರೆಯಿತು, 2015ರಲ್ಲಿ ಮೆಟ್ರೊ ನಾಗಸಂದ್ರ ಮುಟ್ಟಿತು, ಇನ್ನು ಮೂರು ಕಿ.ಮೀ. ಮುಂದಿನ ಮಾದಾವರಕ್ಕೆ 2024ರ ನವೆಂಬರಿನಲ್ಲಿ ಬಂತು. ಪ್ರತಿ ಸಲವೂ ರಸ್ತೆ ಕೆಲವು ತಿಂಗಳು ಉಸಿರಾಡಿ ಮತ್ತೆ ಕಟ್ಟಿಕೊಂಡಿತು. ರಾಯರ ಅಂಕಿ ಮಾತ್ರ ಅಲುಗಾಡಲಿಲ್ಲ. ಅದಕ್ಕೆ ಮೇಲ್ಸೇತುವೆಯ ಕಥೆಗಿಂತ ಬೇರೆ ಸಾಕ್ಷಿ ಬೇಡ. 2021ರ ಡಿಸೆಂಬರಿನಲ್ಲಿ ಕೇಬಲುಗಳಲ್ಲಿ ದೋಷ ಕಂಡು ಅದನ್ನು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ತೆರೆದದ್ದು ಹಗುರ ವಾಹನಗಳಿಗೆ ಮಾತ್ರ. ಬಸ್ಸು ಲಾರಿಗಳು 2024ರ ಜುಲೈ ತನಕ ಕೆಳಗಡೆಯೇ ಜಾಲಹಳ್ಳಿ ಕ್ರಾಸಿನ ಗದ್ದಲದಲ್ಲಿ ತೆವಳಿದವು. ಎರಡೂವರೆ ವರ್ಷ ರಾಯರ ಬಸ್ಸು ತಳದಲ್ಲಿತ್ತು. ಆಗ ಕೇಳಿದ್ದರೂ ಉತ್ತರ ಒಂದೂ ಕಾಲು ಗಂಟೆಯೇ. “ಫ್ಲೈಓವರ್ ಒಂದು ಓಪನ್ ಆಗ್ಲಿ, ನೋಡ್ತಿರಿ” ಎಂಬುದೊಂದು ಬಾಲ ಸೇರಿಕೊಂಡಿತ್ತು, ಅಷ್ಟೆ.

ಇಲ್ಲಿಗೆ ಯಾರಾದರೂ ಮೈಮೇಲೆ ಬಂದೇ ಬರುತ್ತಾರೆ: ಬೆಂಗಳೂರಿನಲ್ಲಿ ಬಾಡಿಗೆ ಕೊಡಲಾಗದೆ ದೂರ ಹೋದವರನ್ನು ಗೇಲಿ ಮಾಡುತ್ತೀರಲ್ಲ, ನ್ಯಾಯವೇ? ಆಕ್ಷೇಪ ನಿಜ, ಅರ್ಧದಷ್ಟು. ಕೆ.ಜಿ.ಎಫ್‌ನಲ್ಲಿ 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ಬೆಳಗಿನ ಜಾವದ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಫ್ಯಾಕ್ಟರಿಗೆ ಬರುವಂತಾಯಿತು. ಅವರು ಆಯ್ಕೆ ಮಾಡಿಕೊಂಡು ದೂರ ಹೋದವರಲ್ಲ. ಅವರಿದ್ದ ಕಡೆಯೇ ಕೆಲಸ ಸತ್ತಿತು. ಅವರನ್ನು ಯಾರೂ ರಾಯರು ಅನ್ನುವುದಿಲ್ಲ, ಅವರೂ ಒಂದೂ ಕಾಲು ಗಂಟೆ ಅನ್ನುವುದಿಲ್ಲ. ಈ ಬರಹದ ರಾಯರು ಬೇರೆ. ಇವರು ಕೈಯಲ್ಲಿ ಕ್ಯಾಲ್ಕುಲೇಟರ್ ಹಿಡಿದು, ಇಲ್ಲಿಯ ಎರಡು ರೂಮಿನ ಬಾಡಿಗೆಗೂ ಅಲ್ಲಿಯ ಸ್ವಂತ ಮನೆಯ ಕಂತಿಗೂ ತಾಳೆ ಹಾಕಿ, ಲಾಭ ಕಂಡು ಹೊರಟವರು. ಆ ತಾಳೆಯಲ್ಲಿ ಬಸ್ ಪಾಸಿನ ದುಡ್ಡಿದೆ, ಶುಂಠಿ ಟೀ ದುಡ್ಡೂ ಇದೆ. 55 ದಿನ ಮಾತ್ರ ಇಲ್ಲ. ಅಲೋಯ್ಸ್ ಸ್ಟಟ್ಸರ್, ಬ್ರೂನೊ ಫ್ರೈ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಸಮೀಕ್ಷೆಗಳನ್ನು ಜಾಲಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ. ದೂರದ ಓಡಾಟವನ್ನು ಒಳ್ಳೆಯ ಸಂಬಳವೋ ಒಳ್ಳೆಯ ಮನೆಯೋ ಸರಿದೂಗಿಸಬೇಕು ಎಂಬುದು ಶಾಸ್ತ್ರ. ವಾಸ್ತವದಲ್ಲಿ ಹೆಚ್ಚು ಹೊತ್ತು ಓಡಾಡುವವರು ಬದುಕಿನ ಬಗ್ಗೆ ಅಷ್ಟರಮಟ್ಟಿಗೆ ಕಡಿಮೆ ತೃಪ್ತರಾಗಿದ್ದರು. ಜರ್ಮನಿಯವರು ಸಮೀಕ್ಷೆಗೆ ನಿಜ ಹೇಳುತ್ತಾರೆ. ರಾಯರ ಹತ್ತಿರ ಫಾರ್ಮು ಒಯ್ದರೆ ಎಲ್ಲ ಕಾಲಮ್ಮಿಗೂ ‘ತೊಂದರೆಯಿಲ್ಲ’ ಎಂದು ಬರೆದು, ಕೆಳಗೆ ಸಹಿ ಹಾಕುವಾಗ ನಿದ್ದೆ ಹೋಗಿರುತ್ತಾರೆ.

ನಿದ್ದೆಯ ಮಾತು ಬಂತಲ್ಲ, ಎರಡನೇ ಆಕ್ಷೇಪ ಅದೇ. ಬಸ್ಸಿನ ಹೊತ್ತು ವ್ಯರ್ಥವಲ್ಲ; ನಿದ್ದೆ ಆಗುತ್ತೆ, ಪೇಪರ್ ಓದಬಹುದು, ಸ್ನೇಹ ಬೆಳೆಯುತ್ತೆ ಎನ್ನುತ್ತಾರೆ. ಸ್ನೇಹವೇನೋ ಬೆಳೆಯುತ್ತದೆ, ಒಪ್ಪುತ್ತೇನೆ. ಪಾಸಿನವರ ಗುಂಪಿನಲ್ಲಿ ಒಬ್ಬರ ಬಡ್ತಿಗೆ ಹಂಚಿದ ಮೈಸೂರು ಪಾಕು ಕಂಡಕ್ಟರ್ ತನಕ ಹೋಗುತ್ತದೆ. ಒಬ್ಬರು ನಾಲ್ಕು ದಿನ ಬಾರದಿದ್ದರೆ ಮನೆಗೆ ಫೋನು ಹೋಗುತ್ತದೆ. ಆಯುಧಪೂಜೆಗೆ ಬಸ್ಸಿಗೆ ಬಾಳೆಕಂದು ಕಟ್ಟುವವರೂ ಅವರೇ. ನಿದ್ದೆಯದ್ದು ಬೇರೆ ಕಥೆ. ನೆಲಮಂಗಲ ಬರುವ ಮೊದಲೇ ರಾಯರ ತಲೆ ಪಕ್ಕದವರ ಭುಜಕ್ಕೆ ವಾಲುತ್ತದೆ, ಬಾಯಿ ಬೆರಳಗಲ ತೆರೆಯುತ್ತದೆ, ತೊಡೆ ಮೇಲಿನ ಬ್ಯಾಗಿನ ಪಟ್ಟಿ ಮಾತ್ರ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿರುತ್ತದೆ. ಎಂಟನೇ ಮೈಲಿಯ ಹಾರ್ನಿಗೆ ಎಚ್ಚರವಿಲ್ಲ, ಬ್ರೇಕಿಗೂ ಇಲ್ಲ. ಗೊರಗುಂಟೆಪಾಳ್ಯಕ್ಕೆ ನೂರು ಅಡಿ ಇರುವಾಗ ಯಾರೂ ಕರೆಯದೆ ಕಣ್ಣು ತೆರೆಯುತ್ತದೆ. ಇದೇ ನೋಡಿ ಲೆಕ್ಕ ತಪ್ಪುವ ಜಾಗ. ನಿದ್ದೆ ಮಾಡಿದ ಹೊತ್ತನ್ನು ಯಾರು ತಾನೇ ಎಣಿಸುತ್ತಾರೆ? ಎಚ್ಚರವಿದ್ದಷ್ಟನ್ನು ಮಾತ್ರ ಕೂಡಿದರೆ ತುಮಕೂರು ಬೆಂಗಳೂರಿಗೆ ಅಂಟಿಕೊಂಡೇ ಇದೆ.

ರೈಲು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮೂರನೇ ವಾದಕ್ಕೆ ನನ್ನ ಅರ್ಧ ಮನಸ್ಸಿನ ಬೆಂಬಲವಿದೆ. ಎರಡನೇ ದರ್ಜೆಯ ತಿಂಗಳ ಪಾಸಿಗೆ ರೈಲ್ವೆಯವರು ತೆಗೆದುಕೊಳ್ಳುವುದು ಹೆಚ್ಚುಕಡಿಮೆ 15 ಒಂಟಿ ಪ್ರಯಾಣದ ದುಡ್ಡು. ದುಡ್ಡು ಕೊಟ್ಟು ಹೋಗುವುದರಲ್ಲಿ ಇಷ್ಟು ಅಗ್ಗದ ಸವಾರಿ ಸಿಗುವುದು ಕಷ್ಟ, ಒಂದು ಡಬ್ಬಿಯ ಜನ ರಸ್ತೆಗಿಳಿದರೆ ಎಷ್ಟು ಕಾರು ಆದೀತು ಎಂಬುದೂ ಗೊತ್ತಿರುವುದೇ. ಆದರೆ ಪಾಸಿಗಿರುವ ಮಿತಿ 150 ಕಿ.ಮೀ. ಮೈಸೂರೂ ಅದರೊಳಗೇ ಬರುತ್ತದೆ. ರೈಲು ವೇಗವಾದಷ್ಟೂ ರಾಯರು ಮನೆಗೆ ಬೇಗ ಬರುವುದಿಲ್ಲ, ಮನೆಯನ್ನೇ ಇನ್ನೊಂದು ಸ್ಟೇಷನ್ ಆಚೆಗೆ ಒಯ್ಯುತ್ತಾರೆ. ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಬಿದ್ದಾಗ 148 ಕಿ.ಮೀ. ಕೆಲಸಕ್ಕೆ 40 ತಿಂಗಳ ಗಡುವು ಹೇಳಿದ್ದರು. ಆ 40 ತಿಂಗಳು ಬಂದು ಹೋದವು, ರೈಲು ಬರಲಿಲ್ಲ, ಆದರೆ ಅದರ ಹೆಸರಿನಲ್ಲಿ ಸೈಟುಗಳ ರೇಟು ಮಾತ್ರ ಸಮಯಕ್ಕೆ ಸರಿಯಾಗಿ ಬಂತು. 2024ರ ಬಜೆಟ್ಟಿನಲ್ಲಿ ತುಮಕೂರಿಗೆ ಮೆಟ್ರೊ ಆದೀತೇ ಎಂದು ಅಧ್ಯಯನ ಮಾಡಿಸುವ ಮಾತು ಬಂದದ್ದೇ ತಡ, ರಾಯರು ಅದರಲ್ಲಿ ಕೂತು ಬಂದವರಂತೆಯೇ ಮಾತಾಡತೊಡಗಿದರು. ರಾಮನಗರದ ರಾಯರ ಅದೃಷ್ಟ ಇನ್ನೂ ದೊಡ್ಡದು: 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಅವರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಒಪ್ಪಿತು. ಒಂದು ಹೆಜ್ಜೆಯೂ ಇಡದೆ ಬೆಂಗಳೂರು ತಲುಪಿದ ಅವರಿಗೆ ಮಾರನೆಯ ಬೆಳಿಗ್ಗೆ ಬಿಡದಿಯಲ್ಲಿ ಅದೇ ಸಾಲು ಕಾದಿತ್ತು. ಕಾರಿನ ರಾಯರಿಗೆ ಅದೇ ವರ್ಷದ ಆಗಸ್ಟಿನಿಂದ ಫಾಸ್ಟ್ಯಾಗಿನ ವಾರ್ಷಿಕ ಪಾಸು ಬಂತು: 3,000 ರೂಪಾಯಿಗೆ 200 ಸಲ. ವರ್ಷ ಪೂರ್ತಿ ಎಂದು ಹಿಗ್ಗಿದರು. ಹೋಗಿಬರಲು ದಿನಕ್ಕೆ ನಾಲ್ಕು ಗೇಟು ದಾಟುವವರಿಗೆ ಅದು 50 ದಿನಕ್ಕೆ ಮುಗಿಯುತ್ತದೆ. ಅಗ್ಗವೇ, ಇಲ್ಲವೆನ್ನುವುದಿಲ್ಲ. ಆದರೆ ವಾರ್ಷಿಕ ಎಂಬುದಕ್ಕೂ ರಾಯರ ಗಂಟೆಗೂ ದೂರದ ನೆಂಟಸ್ತಿಕೆ ಇದೆ.

ಉಲ್ಟಾ ರಾಯರೂ ಇದ್ದಾರೆ. ಮನೆ ಬೆಂಗಳೂರಿನ ವಿಜಯನಗರದಲ್ಲಿ, ಕಚೇರಿ ತಾಲ್ಲೂಕಿನಲ್ಲಿ. ನೌಕರರು ಕೇಂದ್ರಸ್ಥಾನದಲ್ಲೇ ವಾಸವಿರತಕ್ಕದ್ದು ಎಂಬ ಸುತ್ತೋಲೆ ಆಗಾಗ್ಗೆ ಬರುತ್ತದೆ. ಅದಕ್ಕೆ ಸ್ವೀಕೃತಿ ಸಹಿ ಹಾಕಬೇಕಾದವರು ಇನ್ನೂ ನೆಲಮಂಗಲದ ಹತ್ತಿರ ಇರುತ್ತಾರೆ.

ಸರಿಯಾದ ಲೆಕ್ಕ ಇಟ್ಟಿರುವವರು ಒಂದು ಗುಂಪು ಮಾತ್ರ, ಅದೇ ಬಸ್ಸಿನ ಮುಂದಿನ ಸಾಲುಗಳಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಅಪ್ ಅಂಡ್ ಡೌನ್ ಮಾಡುವ ಹೆಂಗಸರ ಟಿಕೆಟ್ಟು ಸೊನ್ನೆಯಾಗಿದೆ, ಹೊತ್ತು ಸೊನ್ನೆಯಾಗಿಲ್ಲ. ಅವರಲ್ಲಿ ಯಾರನ್ನಾದರೂ ಎಷ್ಟು ಹೊತ್ತಾಗುತ್ತಮ್ಮ ಎಂದು ಕೇಳಿದರೆ ಗಂಟೆಯ ಲೆಕ್ಕ ಬರುವುದಿಲ್ಲ. “ನಾಲ್ಕೂವರೆಗೆ ಏಳ್ತೀನಿ. ವಾಪಸ್ ಬಂದು ಅನ್ನಕ್ಕಿಡೋವಾಗ ಎಂಟೂವರೆ.” ತುದಿ ಎರಡೂ ಒಳಗೇ ಸೇರಿರುವ, ನಿದ್ದೆಯನ್ನು ಕಳೆಯದ ಲೆಕ್ಕ ಇದು. ಲೇಔಟಿನ ಬಣ್ಣದ ಕಾಗದದಲ್ಲಿ ಇದನ್ನು ಅಚ್ಚು ಹಾಕಿಸಿದರೆ ಒಂದು ಸೈಟೂ ಹೋಗದು. ದಲ್ಲಾಳಿಗಳಿಗೆ ಇದು ಚೆನ್ನಾಗಿ ಗೊತ್ತು. ಗಿರಾಕಿಗಳನ್ನು ಅವರು ಸೈಟು ತೋರಿಸಲು ಕರೆದೊಯ್ಯುವುದು ಭಾನುವಾರ, ಬೆಳಿಗ್ಗೆ ಏಳಕ್ಕೆ, ತಟ್ಟೆ ಇಡ್ಲಿ ಸಮೇತ. ಮುಂದಿನ ಸೀಟಿನಲ್ಲಿ ಸಾಕ್ಷಿಗೆ ರಾಯರು. ಅವತ್ತು ನಿಜಕ್ಕೂ ಒಂದು ಗಂಟೆಯೂ ಆಗುವುದಿಲ್ಲ. “ಸೋಮವಾರ ಎಂಟು ಗಂಟೆಗೆ ಬಂದು ನೋಡೋಣ” ಎಂದ ಗಿರಾಕಿಗೆ ಯಾವ ದಲ್ಲಾಳಿಯೂ ಇದುವರೆಗೆ ಕಾರು ಕಳಿಸಿದಂತಿಲ್ಲ.