ಥಂಡಿಕಾಲದ ಶಿಶುಸಂಚಾರ ಮೀಮಾಂಸೆ: ಸತ್ತಿ ಸಂಪ್ರದಾಯ, ಸಟೀಕ

ಪೂರ್ವಪಕ್ಷ. ಕೂಸನ್ನು ನಾಲ್ಕನೆಯ ತಿಂಗಳಲ್ಲಿ ಮನೆಯಿಂದ ಹೊರತಂದು ಸೂರ್ಯನನ್ನು ತೋರಿಸಬೇಕೆಂದು ಪಾರಸ್ಕರ ಗೃಹ್ಯಸೂತ್ರ ವಿಧಿಸುತ್ತದೆ. ಇದಕ್ಕೆ ನಿಷ್ಕ್ರಮಣವೆಂದು ಹೆಸರು. ಮನುವಿನ ಮತವೂ ಇದೇ. ಇಬ್ಬರೂ ಕೃಷ್ಣೆಯ ದಂಡೆಯಲ್ಲಿ ಚಳಿಗಾಲ ಕಳೆದವರಲ್ಲವೆಂಬುದು ಇದರಿಂದ ಸ್ಪಷ್ಟ. ಅಥಣಿ ತಾಲ್ಲೂಕಿನ ಸತ್ತಿಯಲ್ಲಿ ದಸರೆಗೆ ಹುಟ್ಟಿದ ಕೂಸಿಗೆ ನಾಲ್ಕನೆಯ ತಿಂಗಳು ಹತ್ತುವುದು ಬನದ ಹುಣ್ಣಿಮೆಯ ಹಿಂದುಮುಂದು. ಆಗ ಹೊಳೆಯ ಮೇಲೆ ಮಂಜು, ಕಬ್ಬಿನ ಮೇಲೆ ಇಬ್ಬನಿ. ತೋರಿಸೋಣವೆಂದರೆ ಸೂರ್ಯನೇ ಇನ್ನೂ ಹೊದ್ದು ಮಲಗಿರುತ್ತಾನೆ.

ಪ್ರಮಾಣ ನಿರ್ಣಯ. ಈ ಶಾಸ್ತ್ರದಲ್ಲಿ ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಯಿ. ಮೂರರೊಳಗೆ ವಿರೋಧ ಬಂದರೆ ಆಯಿಯೇ, ಅಂದರೆ ಕೂಸಿನ ಅಜ್ಜಿಯೇ, ಬಲವತ್ತರ. ಕೂಸಿನ ಅಪ್ಪ ಪುಣೆಯಿಂದ ಹೆಂಡತಿಯ ತವರಿಗೆ ತಳ್ಳುಗಾಡಿ ಸಮೇತ ಬಂದು ಭಿನ್ನಮತ ಹೂಡುತ್ತಾನೆ: ನಾರ್ವೆ, ಫಿನ್ಲೆಂಡ್‌ಗಳಲ್ಲಿ ಹಿಮ ಬಿದ್ದ ದಿನವೂ ಕೂಸುಗಳನ್ನು ಗಾಡಿಯಲ್ಲಿ ಮನೆಯ ಹೊರಗೇ ಮಲಗಿಸುತ್ತಾರೆ, ಅದಕ್ಕೆಂದೇ ಫಿನ್ಲೆಂಡ್ ಸರ್ಕಾರ 1938ರಿಂದ ಬಾಣಂತಿಯರಿಗೆ ಬಟ್ಟೆಬರೆಯ ಪೆಟ್ಟಿಗೆ ಹಂಚುತ್ತ ಬಂದಿದೆ, ಇತ್ಯಾದಿ. (‘ಅದಕ್ಕೆಂದೇ’ ಎಂಬುದು ಅಳಿಯನ ಸ್ವಂತ ಸೇರ್ಪಡೆ.) ಆಯಿಯ ಖಂಡನೆ ಸಂಕ್ಷಿಪ್ತ: ‘ಅಲ್ಲಿ ಕೂಸಿಗೆ ಆಯಿ ಇರೂದಿಲ್ಲೇನ್ರಿ ಅಳಿಯಾರ?’

ಆವರಣ ಪ್ರಕರಣ. ಮೊದಲು ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಲೋಬಾನದ ಹೊಗೆ ಹಾಕತಕ್ಕದ್ದು. ಅನಂತರ ಅಂಗಿ, ಅದರ ಮೇಲೆ ಸ್ವೆಟರ್, ತಲೆಗೆ ಕುಲಾಯಿ, ಕುಲಾಯಿಯ ಮೇಲೆ ಕುಂಚಿಗೆ, ಎಲ್ಲಕ್ಕೂ ಮೇಲೆ ಹಳೇ ಸೀರೆ ಧೋತರಗಳನ್ನು ಪದರು ಹಾಕಿ ಹೊಲಿದ ಕೌದಿ. ಇಲ್ಲಿಂದ ಮುಂದೆ ಒಳಗಿರುವುದು ಕೂಸೆಂಬುದಕ್ಕೆ ಪ್ರತ್ಯಕ್ಷ ಸಾಲದು, ಅನುಮಾನವೇ ಗತಿ. ತಾರ್ಕಿಕರು ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದರು. ಸತ್ತಿಯವರು ಬೆಳಕಿಂಡಿಯಲ್ಲಿ ಹೊಗೆ ಕಂಡು ಕೂಸನ್ನು ಊಹಿಸುತ್ತಾರೆ. ಆದರೆ ಕಬ್ಬು ಕಟಾವಾದ ಮೇಲೆ ರವದಿಗೆ ಬೆಂಕಿ ಇಡುವುದರಿಂದ ಹೊಲಹೊಲದಲ್ಲೂ ಹೊಗೆ. ಹಾಗಾದರೆ ಹೊಲಹೊಲದಲ್ಲೂ ಕೂಸಿರಬೇಕೆಂದು ಸಿದ್ಧಿಸುವ ಅನರ್ಥ ಬಂತು. ಈ ಆಕ್ಷೇಪವನ್ನು ಮುಂದೆ ಪರಿಹರಿಸಲಾಗುವುದು.

ವೈದ್ಯರು ಆಯಿಗೆ ಅರ್ಧ ಒಪ್ಪುತ್ತಾರೆ. ಹಸುಗೂಸಿಗೆ ನಮ್ಮ ಹಾಗೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳಲು ಬರುವುದಿಲ್ಲ. ಬೆನ್ನು ಹೆಗಲುಗಳ ನಡುವಿನ ಕಂದು ಕೊಬ್ಬನ್ನು ಉರಿಸಿಯೇ ಅದು ಕಾವು ಪಡೆಯಬೇಕು. ಮೈಯ ಅಳತೆಗೆ ತಲೆ ದೊಡ್ಡದು, ಆದ್ದರಿಂದ ಕುಲಾಯಿ ಸಮ್ಮತ. ಉಳಿದರ್ಧ ಒಪ್ಪುವುದಿಲ್ಲ: ಹೊಗೆ ಕೂಸಿನ ಎದೆಗೆ ಕೆಟ್ಟದ್ದು, ಅತಿ ಹೊದಿಕೆಯೂ ಅಪಾಯ. ಕೈಕಾಲು ತಣ್ಣಗಿದ್ದ ಮಾತ್ರಕ್ಕೆ ಹೆದರದೆ ಹೆಡಕು ಮುಟ್ಟಿ ನೋಡಬೇಕು, ಅಲ್ಲಿ ಬೆವರಿದ್ದರೆ ಒಂದು ಪದರು ತೆಗೆಯಬೇಕು. ಹೆಡಕು ತಲುಪುವುದಕ್ಕೇ ಎಲ್ಲ ಪದರು ಬಿಚ್ಚಬೇಕಾಗುವುದರಿಂದ ಈ ವಿಧಿ ತಾನಾಗಿಯೇ ಪಾಲನೆಯಾಗುತ್ತದೆ.

ಮಾರ್ಗ ಪ್ರಕರಣ. ದಾರಿಯನ್ನು ಹೆಜ್ಜೆಗಳಿಂದ ಅಳೆಯುವುದು ಅಜ್ಞಾನ. ಕಟ್ಟೆಗಳ ಮೇಲೆ ಬಿಸಿಲು ಕಾಯಿಸುತ್ತ ಕೂತ ಆಯಿಗಳಿಂದ ಅಳೆಯಬೇಕು. ಮೊದಲನೆಯವಳು, ‘ಕಿವಿ ಕಟ್ಟ್ರೆವಾ ಕೂಸಿಂದು.’ ಎರಡನೆಯವಳು ಕಟ್ಟಿದ್ದನ್ನು ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟುತ್ತಾಳೆ. ಮೂರನೆಯವಳು ಕೌದಿಯ ಸಂದಿಯಲ್ಲಿ ಇಣುಕಿ ‘ಸೊರಗೇತಲ್ಲ’ ಎನ್ನುತ್ತಾಳೆ. ಸೊರಗಿದ್ದು ಯಾವ ಪದರೆಂದು ವಿವರಿಸುವುದಿಲ್ಲ. ಅಷ್ಟರಲ್ಲಿ ಬಿಸಿಲೇರಿ ಥಂಡಿಯ ಚರ್ಚೆಯೇ ಅಪ್ರಸ್ತುತವಾಗುತ್ತದೆ.

ಅಪವಾದ. ಭಾರತ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ. ಕಟ್ಟೆಗೂ ಬೇಡವೆಂದ ಅದೇ ಆಯಿ ಅದೇ ಕೂಸನ್ನು ಬಗಲಲ್ಲಿಟ್ಟುಕೊಂಡು ನಸುಕಿನಲ್ಲೇ ಚಕ್ಕಡಿ ಏರುತ್ತಾಳೆ. ದೇವರ ಕೆಲಸದಲ್ಲಿ ಥಂಡಿಗೆ ಅಧಿಕಾರವಿಲ್ಲವೆಂದು ತಿಳಿಯತಕ್ಕದ್ದು. ಅಳಿಯನ ತಳ್ಳುಗಾಡಿಯೂ ಚಕ್ಕಡಿ ಹತ್ತಿತು. ಅದರಲ್ಲಿ ಬುತ್ತಿಗಂಟು ಕೂತಿತ್ತು.

ಇನ್ನು ರವದಿಯ ಆಕ್ಷೇಪ. ಹೊಲಹೊಲದಲ್ಲೂ ಕೂಸಿರಲು ಸಾಧ್ಯವೆ? ಇದೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾದೊಡನೆ ಬೀಡ, ವಿಜಯಪುರದ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಹೆಂಡಿರು ಮಕ್ಕಳೊಂದಿಗೆ ಬಂದು ಬಯಲಲ್ಲಿ ಗುಡಿಸಲು ಹಾಕುತ್ತವೆ. ನಸುಕಿನಲ್ಲಿ ತಾಯಿ ಕೊಯ್ತಾ ಹಿಡಿದರೆ ಕೂಸು ಬದುವಿನ ಜಾಲಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ. ಟೀಕಾಕಾರರು ಈ ಕೂಸುಗಳನ್ನು ಶಾಸ್ತ್ರದಿಂದ ಹೊರಗಿಟ್ಟಿದ್ದಾರೆ. ಕಾರಣ ಕೇವಲ ತಾಂತ್ರಿಕ: ನಿಷ್ಕ್ರಮಣವೆಂದರೆ ಮನೆಯಿಂದ ಹೊರಬರುವುದು, ಇವಕ್ಕೆ ಹೊರಬರಲು ಮನೆ ಸಿದ್ಧಿಸಿಲ್ಲ. ಟೀಕೆ ಓದದ ಆಯಿ ಮಾತ್ರ ದಾರಿಯಲ್ಲಿ ನಿಂತು ಕೂಗಿದಳು: ‘ಕಿವಿ ಕಟ್ಟವಾ ಕೂಸಿಂದು!’

‘ಪೆಂಡಿ ಕಟ್ಟೂದು ಮುಗೀಲಿ ತಡೀರಿ ಆಯಿ, ಟ್ರ್ಯಾಕ್ಟರ್ ನಿಂತೈತಿ.’