ಹರ್ಕಲ್-ಡರ್ಕಲ್: ಒಂದು ಶಬ್ದಮೀಮಾಂಸೆ

ಹೊತ್ತಿಗೆ ಸರಿಯಾಗಿ ಏಳುವವರಿಂದ ಭಾಷೆಗೆ ಹೆಚ್ಚು ಲಾಭವೋ, ಏಳದವರಿಂದಲೋ ಎಂಬ ವಿವಾದ ವಿದ್ವಾಂಸರಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿಸುವುದೇ ಈ ಪ್ರಬಂಧದ ಉದ್ದೇಶ. ವಿಚಾರಣೆಗೆ ತೆಗೆದುಕೊಂಡಿರುವ ಶಬ್ದ ಸ್ಕಾಟ್ಸ್ ನುಡಿಯ ‘ಹರ್ಕಲ್-ಡರ್ಕಲ್’. ಎದ್ದು ಕೆಲಸಕ್ಕೆ ಹೊರಡುವ ಹೊತ್ತು ಮೀರಿದ ಮೇಲೂ ಹಾಸಿಗೆಯಲ್ಲೇ ಮಗ್ಗುಲು ಬದಲಿಸುತ್ತ ಬಿದ್ದಿರುವುದು ಎಂದು ಇದರ ಅರ್ಥ.

ಮೊದಲು ಧಾತು. ‘ಹರ್ಕಲ್’ ಎಂದರೆ ಮೈ ಮುದುರಿಕೊಳ್ಳುವುದು, ಕುಕ್ಕರಿಸುವುದು. ಡಚ್ಚರ ‘ಹುರ್ಕನ್’ ಅದರ ದಾಯಾದಿ. ಇಲ್ಲಿಗೆ ಜಗಳವಿಲ್ಲ. ತೊಡಕಿರುವುದು ‘ಡರ್ಕಲ್’ನಲ್ಲಿ. ಅದು ನಮ್ಮ ‘ಕಾಫಿಗೀಫಿ’ಯ ಗೀಫಿಯ ಕುಲದ್ದು. ಯಾವ ಹೋಟೆಲಿನಲ್ಲೂ ಬರೀ ಗೀಫಿ ಕೇಳಿ ಕುಡಿದವರಿಲ್ಲ. ಆದರೂ ಪ್ರಬಂಧಕಾರನ ಮತದಲ್ಲಿ ಸತ್ವವೆಲ್ಲ ಈ ಬಾಲದಲ್ಲೇ ಇದೆ. ಚಳಿಗೆ ಮುದುರಿಕೊಳ್ಳಲು ಹರ್ಕಲ್ ಸಾಕು. ಚಳಿ ಬಿಟ್ಟ ಮೇಲೂ ಏಳದಿರಬೇಕಾದರೆ ಡರ್ಕಲ್ ಬೇಕೇ ಬೇಕು.

ಇನ್ನು ಪೂರ್ವಪಕ್ಷ. ಈ ಪದ ನಮ್ಮದೇ ಎಂದು ವಾದಿಸಲು ಸಾಧ್ಯವಿದೆ. ‘ಹರಕಲು ಕಂಬಳಿ’ಯ ತೂತಿನಿಂದ ಕಾಲು ಹೊರಗೆ ಬಾರದಂತೆ ಮುದುರಿ ಮಲಗಿದ ಕನ್ನಡಿಗನೇ ಮೂಲಪುರುಷ, ಕಾಲಾಂತರದಲ್ಲಿ ಉಕಾರ ಲೋಪ, ಕಂಬಳಿಯೂ ಲೋಪ. ಸಾಗಿಸಿದವರು ಯಾರು? ಥಾಮಸ್ ಮನ್ರೋ. 1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದವನು, 1799ರಲ್ಲಿ ಕೆನರಾದ ಕಲೆಕ್ಟರಾಗಿ ಬಂದವನು, 1807ರಲ್ಲಿ ರಜೆಯ ಮೇಲೆ ಊರಿಗೆ ಹಡಗು ಹತ್ತಿದವನು. ಜಾನ್ ಜೇಮಿಸನ್ನನ ಸ್ಕಾಟ್ಸ್ ನಿಘಂಟು ಅಚ್ಚಾದದ್ದು 1808ರಲ್ಲಿ. ಇನ್ನೇನು ಬೇಕು?

ಬೇಕಾದದ್ದು ಬಹಳಷ್ಟಿದೆ. ‘ಹರ್ಕಲ್’ 14ನೇ ಶತಮಾನದ ಇಂಗ್ಲಿಷ್ ಕಾವ್ಯದಲ್ಲೇ ಕಾಣಿಸಿಕೊಂಡಿದೆ. ಮೇಲಾಗಿ ಮನ್ರೋ ಊರೂರು ಸುತ್ತಿ ಕಂದಾಯ ನಿಗದಿ ಮಾಡಿದ ಆಸಾಮಿ. ಅವನ ಪೆಟ್ಟಿಗೆಯಲ್ಲಿ ಈ ಪದ ಸಿಕ್ಕಿದ್ದರೆ ಹೊರಗೆಸೆಯುತ್ತಿದ್ದ. ಆದ್ದರಿಂದ ಈ ವಾದವನ್ನು ಭಾರವಾದ ಹೃದಯದಿಂದ ಕೈಬಿಡಲಾಗಿದೆ. ರಾಜ್ಯೋತ್ಸವದ ಭಾಷಣಕ್ಕೆ ಬೇಕಾದವರು ಎತ್ತಿಕೊಳ್ಳಬಹುದು.

ಈಗ ಜೇಮಿಸನ್ನನನ್ನು ನೋಡೋಣ. 1759ರಲ್ಲಿ ಹುಟ್ಟಿದ ಈತನೂ ಗ್ಲಾಸ್ಗೋದವನೇ. ಒಂಬತ್ತನೇ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿದ. ಮುಂದೆ ಕಟ್ಟುನಿಟ್ಟಿಗೆ ಹೆಸರಾದ ಪಂಗಡವೊಂದರ ಪಾದ್ರಿಯಾಗಿ ಫಾರ್ಫರಿನಲ್ಲೂ ಎಡಿನ್‌ಬರೋದಲ್ಲೂ ಉಪದೇಶ ಮಾಡಿದ. ಅದರ ನಡುವೆಯೇ ಎರಡು ದಪ್ಪ ಸಂಪುಟ ತುಂಬುವಷ್ಟು ಪದ ಕೂಡಿಹಾಕಿದ. ಸೋಮಾರಿತನದ ಈ ಮುದ್ದಾದ ಪದವನ್ನು ನಮಗೆ ಉಳಿಸಿಕೊಟ್ಟ ನಿಘಂಟು ಇಂಥವನದು!

ಹಾಗಾದರೆ ಅನುಭವಸ್ಥರು ಯಾಕೆ ನಿಘಂಟು ಬರೆಯಲಿಲ್ಲ? ಬರೆಯಲು ಹೊರಟಿದ್ದರು. ಡಾಕ್ಟರ್ ಜಾನ್ಸನ್ನರ ಜೀವನಚರಿತ್ರೆ ಬರೆದ ಜೇಮ್ಸ್ ಬಾಸ್ವೆಲ್ 1760ರ ದಶಕದಲ್ಲೇ ಸ್ಕಾಟ್ಸ್ ನಿಘಂಟಿಗೆ ಕೈಹಾಕಿದ್ದ. ಅದು ಮುಗಿಯಲಿಲ್ಲ. ಕಳೆದೇಹೋಯಿತು ಎಂದುಕೊಂಡಿದ್ದ ಹಸ್ತಪ್ರತಿ 2011ರಲ್ಲಿ ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಯಾಕೆ ಮುಗಿಯಲಿಲ್ಲ ಎಂಬುದಕ್ಕೆ ಅವನ ದಿನಚರಿಯೇ ಸಾಕ್ಷಿ. ಬೆಳಿಗ್ಗೆ ಏಳುವುದು ಅವನಿಗೆ ಎಂಥ ಸಂಕಟವೆಂದರೆ, ಹಗ್ಗ ಎಳೆದರೆ ಹಾಸಿಗೆಯ ನಡುಭಾಗ ಮೇಲಕ್ಕೆದ್ದು ಮಲಗಿದವನನ್ನು ಮೆಲ್ಲಗೆ ನೆಲದ ಮೇಲೆ ನಿಲ್ಲಿಸುವ ಮಂಚವೊಂದನ್ನು ಅವನು ಕಲ್ಪಿಸಿಕೊಂಡಿದ್ದ. ಆದರೆ ಆ ಹಗ್ಗವನ್ನು ಎಳೆಯಬೇಕಾದವನೂ ಅವನೇ! ಯಂತ್ರಶಾಸ್ತ್ರದ ಈ ದೋಷದಿಂದ ಸ್ಕಾಟ್ಸ್ ನಿಘಂಟು ನಲವತ್ತಕ್ಕೂ ಹೆಚ್ಚು ವರ್ಷ ತಡವಾಯಿತೆಂದು ಪ್ರಬಂಧಕಾರನ ಸಿದ್ಧಾಂತ.

ಪ್ರಯೋಗದ ವಿಷಯ ಇನ್ನೂ ಸೂಕ್ಷ್ಮ. ಹೊತ್ತಾಯಿತೆಂಬ ಅರಿವಿಲ್ಲದೆ ಹರ್ಕಲ್-ಡರ್ಕಲ್ ಸಿದ್ಧಿಸುವುದಿಲ್ಲ. ಕುಂಭಕರ್ಣನದು ವರಬಲದ ನಿದ್ದೆ, ಮಂಜೂರಾದ ರಜೆ; ಅದು ಲೆಕ್ಕಕ್ಕಿಲ್ಲ. ಅಲಾರಂ ಬಡಿದುಕೊಂಡಿರಬೇಕು, ಬಾಯಿ ಮುಚ್ಚಿಸಿರಬೇಕು, ಅಡುಗೆಮನೆಯಿಂದ ಪಾತ್ರೆ ಸದ್ದು ಬೇಕೆಂತಲೇ ಜೋರಾಗಿರಬೇಕು, ಕಣ್ಣು ಮುಚ್ಚಿಕೊಂಡೇ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿರಬೇಕು.

ಹೊತ್ತನ್ನು ಯಾವುದರಿಂದ ಅಳೆಯಬೇಕು? ಸೂರ್ಯನಿಂದ ಎಂದರೆ ಸ್ಕಾಟ್ಲೆಂಡಿನಲ್ಲಿ ಧರ್ಮಸಂಕಟ. ಜೂನ್ ತಿಂಗಳಲ್ಲಿ ಎಡಿನ್‌ಬರೋಗೆ ಬೆಳಗಾಗುವುದು ನಾಲ್ಕೂವರೆಗೆ, ಡಿಸೆಂಬರಿನಲ್ಲಿ ಎಂಟೂಮುಕ್ಕಾಲರ ಹತ್ತಿರಕ್ಕೆ. ಬೇಸಿಗೆಯಲ್ಲಿ ಐದಕ್ಕೆ ಎದ್ದವನೂ ತಪ್ಪಿತಸ್ಥ. ಚಳಿಗಾಲದಲ್ಲಿ ಎಂಟೂವರೆಗೂ ಗೊರಕೆ ಹೊಡೆಯುವವನು ಬ್ರಾಹ್ಮೀ ಮುಹೂರ್ತದ ವ್ರತಸ್ಥ. ಅದಕ್ಕೇ ಅಲ್ಲಿನವರು ಸೂರ್ಯನನ್ನು ನಂಬದೆ ಗಡಿಯಾರಕ್ಕೆ ಶರಣಾಗಿರಬೇಕು. ಗ್ಲಾಸ್ಗೋ ವಿಶ್ವವಿದ್ಯಾಲಯದವರು 2015ರಲ್ಲಿ ಹಿಮಕ್ಕೆ ಸಂಬಂಧಿಸಿದ ಸ್ಕಾಟ್ಸ್ ಪದಗಳನ್ನು ಎಣಿಸಿ 421 ಎಂದರು. ಹೊರಗೆ 421 ಬಗೆಯಲ್ಲಿ ಸುರಿಯುತ್ತಿರುವಾಗ ಒಳಗೆ ಮಲಗಿರಲು ಒಂದೇ ಒಂದು ಪದ ಇಟ್ಟುಕೊಂಡರೆ ಅದನ್ನು ದುಂದುವೆಚ್ಚ ಎನ್ನಲಾಗದು.

ಪದದ ಮುಂದಿನ ಚರಿತ್ರೆ ಚಿಕ್ಕದು. ಎರಡು ಶತಮಾನ ಅದು ನಿಘಂಟಿನೊಳಗೇ ಬೆಚ್ಚಗೆ ಬಿದ್ದುಕೊಂಡಿತ್ತು. 2024ರ ಆರಂಭದಲ್ಲಿ ಮೊಬೈಲ್ ವಿಡಿಯೋಗಳಲ್ಲಿ ಲೋಕವೆಲ್ಲ ಸುತ್ತಿತು. ಎಬ್ಬಿಸಿದವರಲ್ಲಿ ಬಹಳ ಜನ ಮಲಗಿಕೊಂಡೇ ಎಬ್ಬಿಸಿದ್ದರು.

ಒಂದು ಆಕ್ಷೇಪ ಉಳಿದಿದೆ. ಕಾಫಿ ಹಾಸಿಗೆಯ ಬಳಿಗೇ ಬಂದು, ದಿಂಬಿಗೊರಗಿ ಕುಡಿದು, ಲೋಟವನ್ನು ಮಂಚದ ಕೆಳಕ್ಕೆ ಸರಿಸಿ ಮತ್ತೆ ಹೊದ್ದುಕೊಂಡರೆ, ನಡುವೆ ಒಮ್ಮೆ ಎದ್ದಂತಾಯಿತೇ? ಆಯಿತೆಂದು ಕುಡಿದವರು, ಇಲ್ಲವೆಂದು ತಂದುಕೊಟ್ಟವರು. ಈ ವಿಷಯದಲ್ಲಿ ತಂದುಕೊಟ್ಟವರ ಮಾತೇ ಪ್ರಮಾಣ.