ಕಾಲಿಗೆ ಅಕ್ಷರಾಭ್ಯಾಸ

ಕಾಲು ಉಳುಕಿತು. ಹೇಗೆ ಎಂದು ಕೇಳಬೇಡಿ. ಮದುವೆಮನೆಯ ಮೆಟ್ಟಿಲು, ಹೊಸ ಪಂಚೆ, ಒತ್ತಾಯಕ್ಕೆ ತಿಂದ ಹೋಳಿಗೆ, ಇಷ್ಟು ಗೊತ್ತಿದ್ದರೆ ಸಾಕು. ಪಾದ ಒಳಮಗ್ಗುಲಿಗೆ ಹೊರಳಿ, ಹೊರಗಡೆಯ ಗಂಟು ಸಂಜೆಯೊಳಗೆ ಊದಿಕೊಂಡಿತು. ಸುತ್ತ ನೆರೆದವರಲ್ಲಿ ವೈದ್ಯರಲ್ಲದವರು ಒಬ್ಬರೂ ಇರಲಿಲ್ಲ. ಒಬ್ಬರು ಅರಿಸಿನದ ಪಟ್ಟು ಎಂದರು, ಇನ್ನೊಬ್ಬರು ಐಸ್ ಎಂದರು. ಮತ್ತೊಬ್ಬರು, ಕಾಲು ಮುಂದಾಗಿ ಹುಟ್ಟಿದ ತಮ್ಮ ಷಡ್ಡಕನಿಂದ ಒದೆಸಿದರೆ ಉಳುಕು ಬಿಡುತ್ತದೆಂದು ಆತನನ್ನು ಕರೆಯಲು ಹೊರಟೇಬಿಟ್ಟರು. ಆ ಷಡ್ಡಕನಿಗೂ ನನಗೂ ಸೈಟಿನ ವ್ಯಾಜ್ಯ ನಡೆಯುತ್ತಿದ್ದುದರಿಂದ ತಡೆದೆ.

ಬೆಂಗಳೂರಿನ ಮಗ ಫೋನಿನಲ್ಲೇ ಎಲ್ಲ ಗೊತ್ತುಮಾಡಿದ. ಅಲ್ಲಿಯ ಫಿಸಿಯೋಥೆರಪಿ ಹುಡುಗಿ ವೀಡಿಯೋದಲ್ಲಿ ವ್ಯಾಯಾಮ ಹೇಳಿಕೊಡುವುದು, ವಾರಕ್ಕೊಮ್ಮೆ ನಮ್ಮೂರಿನ ಕ್ಲಿನಿಕ್ಕಿನ ಹುಡುಗ ಎದುರಿಗೆ ನಿಂತು ಮಾಡಿಸುವುದು. ಫೋನನ್ನು ಅವಲಕ್ಕಿ ಡಬ್ಬಕ್ಕೆ ಒರಗಿಸಿ ಕೂತೆ. ಗಂಟಿನ ಹಿಂದಿನ ಮೂಳೆ ಒತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಯಿರಿ ಎಂದಳು. ಇದೇನು ಸೊಸೆ ನೋಡುವ ಶಾಸ್ತ್ರವೇ ಎನಿಸಿತು. ಆದರೆ ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮವಂತೆ ಅದು. ಅಲ್ಲಿ ಒತ್ತಿದರೆ ಮೂಳೆ ನೋಯದೆ, ನಾಲ್ಕು ಹೆಜ್ಜೆ ಇಡಲು ಬಂದರೆ, ಸಾಮಾನ್ಯವಾಗಿ ಎಕ್ಸ್‌ರೇ ಬೇಕಿಲ್ಲ. ನಾನು ಹಲ್ಲು ಕಚ್ಚಿ ಆರು ಹೆಜ್ಜೆ ಇಟ್ಟೆ. ಹೆಣ್ಣುಮಗು ನೋಡುತ್ತಿರುವಾಗ ಲೆಕ್ಕ ಹಿಡಿಯಬಾರದು.

ಊತ ಇಳಿದ ಮೇಲೆ ಬಂತು ನೋಡಿ ನಿಜವಾದ ಪರೀಕ್ಷೆ. "ಸರ್, ಕಾಲು ಮುಂದೆ ಚಾಚಿ. ಹೆಬ್ಬೆರಳೇ ಪೆನ್ಸಿಲ್ ಅಂದ್ಕೊಳ್ಳಿ. ಗಾಳಿಯಲ್ಲಿ ಎ ಬಿ ಸಿ ಡಿ ಬರೀರಿ. ಪಾದ ಎಲ್ಲಾ ದಿಕ್ಕಿಗೂ ತಿರುಗಬೇಕು."

ಕಾಲು ಚಾಚಿದೆ. ಪರದೆ ತುಂಬ ನನ್ನ ಪಾದವೇ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಅವಳ ಮುಖ. ವಯಸ್ಸು ಎಷ್ಟಾದರೂ ಇರಲಿ, ಕಲಿಸುವವಳು ಗುರು. ಗುರುವಿನ ಮುಖಕ್ಕೆ ಕಾಲು ತೋರಿಸುತ್ತಿದ್ದೇನಲ್ಲ ಎಂದು ಮೊದಲು ಕೈಮುಗಿದೆ. "ಕೈ ಬೇಡ ಸರ್, ಕಾಲು" ಎಂದಳು. ಆಗ ನನ್ನೊಳಗಿನ ನಿವೃತ್ತ ಕನ್ನಡ ಮೇಷ್ಟ್ರು ಎದ್ದು ಕುಳಿತ. ಜೀವಮಾನವಿಡೀ ಕನ್ನಡ ತಿದ್ದಿಸಿದವನು ಕಾಲಿನಲ್ಲಾದರೂ ಇಂಗ್ಲಿಷ್ ಬರೆಯುವುದೆ? ‘ಅ’ ಶುರುಮಾಡಿದೆ. ‘ಅ’, ‘ಆ’ ಸಲೀಸಾಗಿ ಬಂದವು. ‘ಇ’ಯ ಸುರುಳಿಯಲ್ಲಿ ಬೆರಳು ಸೆಟೆಯಿತು. ‘ಋ’ ಬರುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತು.

ಅಷ್ಟರಲ್ಲಿ ಸೌಟು ಹಿಡಿದೇ ನನ್ನವಳು ಬಂದಳು. "ಏನ್ರೀ ಇದು, ಅಕ್ಷರಾನ ಕಾಲಲ್ಲಿ ಬರೀತಿದೀರಾ? ಪುಸ್ತಕಕ್ಕೆ ಕಾಲು ತಾಗಿದ್ರೆ ಕಣ್ಣಿಗೊತ್ತಿಕೊಳ್ಳೋ ಮನೆ ಇದು!" ಹುಡುಗಿ ಪರದೆಯಿಂದಲೇ ಸಂಧಾನಕ್ಕೆ ಇಳಿದಳು: "ಆಂಟಿ, ಅದಕ್ಕೇ ನಾನು ಇಂಗ್ಲಿಷ್ ಹೇಳಿದ್ದು." "ಇಂಗ್ಲಿಷಾದ್ರೆ ಪರವಾಗಿಲ್ಲಮ್ಮ" ಎಂದು ಇವಳು ತಕ್ಷಣ ಒಪ್ಪಿಬಿಟ್ಟಳು! ಇಂಗ್ಲಿಷಿಗೇನು ಸರಸ್ವತಿ ಇಲ್ಲವೇ, ಶೇಕ್ಸ್‌ಪಿಯರ್ ಏನು ಲಕ್ಷ್ಮೀಪುತ್ರನೇ ಎಂದು ಕಾಲು ಗಾಳಿಯಲ್ಲಿಟ್ಟುಕೊಂಡೇ ವಾದಿಸಿದೆ. ಒತ್ತಕ್ಷರ ಕೂಡದು, ಬರೆದಾದ ಮೇಲೆ ಕಾಲು ತೊಳೆದು ದೇವರಿಗೆ ಕೈಮುಗಿಯಬೇಕು ಎಂಬ ಷರತ್ತಿನ ಮೇಲೆ ರಾಜಿಯಾಯಿತು. ‘ಠ’ ಸುಖವಾಗಿ ಬಂತು. ‘ಝ’ಗೆ ಮಾತ್ರ ಮೊಣಕಾಲು ತಾನಾಗಿ ಸಹಾಯಕ್ಕೆ ಓಡಿತು. "ಸರ್, ಮೊಣಕಾಲು ಆಡ್ತಿದೆ, ಪಾದ ಮಾತ್ರ ಆಡಿಸಿ" ಎಂದಳು. ಕಾಪಿ ಹೊಡೆದ ಎಷ್ಟು ಹುಡುಗರನ್ನು ಹಿಡಿದಿದ್ದೆನೋ, ಅವರೆಲ್ಲರ ಸೇಡು ತೀರಿತು.

ಮುಂದಿನದು ರಬ್ಬರ್ ಪಟ್ಟಿ. ಹಳದಿ ಸಡಿಲ, ಕೆಂಪು ಅದಕ್ಕಿಂತ ಬಿಗಿ, ಹಸಿರು ಇನ್ನೂ ಬಿಗಿ. ನನಗೆ ಹಳದಿಯಲ್ಲೇ ಬಡ್ತಿ ನಿಂತಿತ್ತು. ನೋಡಲು ಬಂದವರದೆಲ್ಲ ಒಂದೇ ಪ್ರಶ್ನೆ: "ಕರೆಂಟ್ ಇಟ್ರಾ?" ಇಲ್ಲವೆಂದರೆ ಮುಖ ಸಪ್ಪೆ. ವೈರು ಅಂಟಿಸಿ ಮಲಗಿಸಿ, ತಾವು ಫೋನು ನೋಡುತ್ತಾ ಕೂರುವ ಕಡೆ ದುಡ್ಡು ಸುರಿದು ಬರುತ್ತಾರೆ. ಕಾಲು ಎತ್ತಿ ಇಳಿಸಿ ಎಂದರೆ ಅದೂ ಒಂದು ಚಿಕಿತ್ಸೆಯೇ ಎನ್ನುತ್ತಾರೆ.

ಒಂಟಿಕಾಲಲ್ಲಿ ನಿಲ್ಲುವ ಪಾಠ ಮಾತ್ರ ಕ್ಲಿನಿಕ್ಕಿನಲ್ಲೇ ಆಯಿತು. ಪಾದ ಎತ್ತ ವಾಲಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳೂ ಉಳುಕಿನಲ್ಲಿ ಪೆಟ್ಟು ತಿಂದಿರುತ್ತವೆ. ಅವುಗಳಿಗೆ ಮತ್ತೆ ಕೆಲಸ ಕಲಿಸದಿದ್ದರೆ ಅದೇ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು. ಕಣ್ಣು ಮುಚ್ಚಿ ನಿಲ್ಲಿ ಎಂದ ಆ ಹುಡುಗ, ಮುಟ್ಟದೆ ಬೆನ್ನ ಹಿಂದೆ ಅಂಗೈ ಹಿಡಿದು ನಿಂತಿದ್ದ. ನಾನು ಭಾರವನ್ನೆಲ್ಲ ಪಾದದ ಹೊರಅಂಚಿಗೇ ಹಾಕುತ್ತಿದ್ದೆ. ಅದು ಬೆಂಗಳೂರಿಗೆ ಕಂಡಿರಲಿಲ್ಲ. ಅವನು ಕೂತು ಬೆರಳಿನಿಂದ ಹಿಮ್ಮಡಿ ಸರಿಪಡಿಸಿದ.

ಆಗ ಅಮ್ಮ ನೆನಪಾದಳು. ಅವಳಿಗೆ ಸೊಂಟದ ಮೂಳೆ ಮುರಿದಿದ್ದಾಗ ಆಪರೇಷನ್ ಚೆನ್ನಾಗೇ ಆಗಿತ್ತು. ಮನೆಗೆ ಕಳಿಸುವಾಗ ಮಾತ್ರೆ ಚೀಟಿ ಕೊಟ್ಟರು. ಹೇಗೆ ಎದ್ದು ನಿಲ್ಲಬೇಕು ಎಂದು ಯಾರೂ ತೋರಿಸಲಿಲ್ಲ, ಕೇಳಬೇಕೆಂದು ನಮಗೂ ತೋಚಲಿಲ್ಲ. ಮೂಳೆ ಕೂಡಿತು. ಅಮ್ಮ ಮಂಚದಿಂದ ಅಡುಗೆಮನೆಯವರೆಗೂ ನಡೆಯಲಿಲ್ಲ.

ಅದಕ್ಕೇ ಹೇಳುತ್ತೇನೆ, ನೋವು ಹೋದ ದಿನವೇ ವ್ಯಾಯಾಮ ಬಿಡಬೇಡಿ. ದೂರವಿದ್ದರೆ ವೀಡಿಯೋದಲ್ಲೇ ಕಲಿಯಿರಿ, ಆದರೆ ಆಗೊಮ್ಮೆ ಈಗೊಮ್ಮೆಯಾದರೂ ಬಲ್ಲವರ ಎದುರು ನಿಂತು ಮಾಡಿ. ‘ಝ’ ಬರೆಯುವಾಗ ಮೊಣಕಾಲು ಹಿಡಿದುಕೊಳ್ಳಲು ಒಬ್ಬರು ಬೇಕೇ ಬೇಕು.